ಹಾಡು ಬೇಕು, ಹಾಡಿದವಳು ಬೇಡ

ಸ್ಕಾಟ್‌ಲೆಂಡ್ ಅಂದ ಕೂಡಲೆ ನಮ್ಮ ಇಂಗ್ಲಿಷ್ ಮೇಷ್ಟ್ರುಗಳ ಬಾಯಲ್ಲಿ ಬರುವುದು ಎರಡೇ ಹೆಸರು: ಒಂದು ವಾಲ್ಟರ್ ಸ್ಕಾಟ್, ಇನ್ನೊಂದು ರಾಬರ್ಟ್ ಬರ್ನ್ಸ್. ಸ್ವಲ್ಪ ಹೆಚ್ಚು ಓದಿಕೊಂಡವರು ಥಾಮಸ್ ಕ್ಯಾಂಬೆಲ್‌ನನ್ನೂ ಸೇರಿಸಬಹುದು. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ 'ಕಾರಿ ಹೆಗ್ಗಡೆಯ ಮಗಳು' ಆಗಿ ನಮ್ಮ ಶಾಲೆಗಳ ಬಾಯಿಪಾಠಕ್ಕೆ ಬಂದವಳು ಈ ಕ್ಯಾಂಬೆಲ್‌ನ ದೊರೆಮಗಳೇ. ಇಂಗ್ಲಿಷಿನಲ್ಲಿ ದೋಣಿ ಮುಗುಚಿ ಮುಳುಗಿದವಳು ಕನ್ನಡದಲ್ಲಿ ಚೆನ್ನಾಗಿಯೇ ತೇಲಿದಳು. ಆದರೆ ಅದೇ ದೇಶದಲ್ಲಿ ದೊರೆಗಳ ಹೊಲದ ಬದುವಿನಲ್ಲಿ ಟೆಂಟು ಹಾಕಿ, ಹಣ್ಣು ಕಿತ್ತು, ತಗಡು ಬಡಿದು, ದೊರೆಗಳ ಹಾಡನ್ನೂ ತಮ್ಮ ಹಾಡನ್ನೂ ನೂರಾರು ವರ್ಷ ಬಾಯಲ್ಲಿ ಉಳಿಸಿಕೊಂಡು ಬಂದ ಜನ ಇದ್ದರು. ಅವರ ಹೆಸರು ಇಲ್ಲಿಗೆ ಬರಲಿಲ್ಲ. ಇಲ್ಲಿಗೆ ಬರುವುದಿರಲಿ, ಅವರ ದೇಶದ ಗ್ರಂಥಾಲಯಕ್ಕೇ ಅದು ಬಂದದ್ದು 1950ರ ದಶಕದಲ್ಲಿ.

ಅವರು ಟ್ರಾವೆಲರ್‌ಗಳು. ಊರಿನವರು ಕರೆಯುತ್ತಿದ್ದದ್ದು 'ಟಿಂಕರ್' ಅಂತ. ತಗಡಿನ ಪಾತ್ರೆ ಮಾಡುವವನು, ತೇಪೆ ಹಾಕುವವನು ಅನ್ನುವ ಕಸುಬಿನ ಹೆಸರು ಬೈಗುಳವಾಯಿತು. ಕಸುಬು ಬೈಗುಳವಾಗುವುದು ಹೇಗೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಇದನ್ನು ನಮ್ಮ ಅಸ್ಪೃಶ್ಯತೆಗೆ ಸರಿಗಟ್ಟಿ ಕೂತುಬಿಡುವುದೂ ಸೋಮಾರಿತನವೇ. ಅಲ್ಲಿ ಮನುಸ್ಮೃತಿ ಇರಲಿಲ್ಲ. ಅಲ್ಲಿದ್ದದ್ದು ಪೊಲೀಸು, ಪಾದ್ರಿ, ಜಮೀನುದಾರ ಮತ್ತು ಕಾಯಿದೆ. 1609ರಲ್ಲೇ 'ಈಜಿಪ್ಷಿಯನ್ನರು', ಅಂದರೆ ಜಿಪ್ಸಿಗಳು, ದೇಶ ಬಿಟ್ಟು ಹೋಗಬೇಕು, ಉಳಿದರೆ ಸಾವು ಅಂತ ಅಲ್ಲಿನ ಪಾರ್ಲಿಮೆಂಟು ಕಾಯಿದೆ ಮಾಡಿತು. 1865ರ ಇನ್ನೊಂದು ಕಾಯಿದೆ ಒಡೆಯನ ಅಪ್ಪಣೆ ಇಲ್ಲದೆ ಅವನ ನೆಲದಲ್ಲಿ ಬೀಡು ಬಿಡುವುದನ್ನೇ ಅಪರಾಧ ಮಾಡಿತು. ತುಂಡು ನೆಲವೂ ಇಲ್ಲದವರು ಬೀಡು ಬಿಡುವುದು ಇನ್ನೆಲ್ಲಿ?

ಈ ಮೊದಲ ಕಾಯಿದೆಯ ನೆರಳಿನಲ್ಲೇ ಒಬ್ಬ ಪಿಟೀಲುಗಾರ ಸತ್ತ. ಜೇಮ್ಸ್ ಮ್ಯಾಕ್‌ಫರ್ಸನ್. ಅಪ್ಪ ಹೈಲ್ಯಾಂಡಿನ ಜಮೀನುದಾರ, ತಾಯಿ ಜಿಪ್ಸಿ ಹೆಂಗಸು ಅಂತ ಜನ ಹೇಳುತ್ತ ಬಂದಿದ್ದಾರೆ. ದರೋಡೆಕೋರರ ಗುಂಪು ಕಟ್ಟಿದ್ದ ಅನ್ನುವ ಮಾತೂ ಇದೆ, ಇರಲಿ. ಆದರೆ ಅವನ ಮೇಲಿನ ಆರೋಪಗಳಲ್ಲಿ ಅವನು 'ಈಜಿಪ್ಷಿಯನ್' ಎಂಬುದೂ ಸೇರಿತ್ತು. ಹುಟ್ಟೂ ಅಪರಾಧದ ಪಟ್ಟಿಗೆ ಸೇರಿತು ನೋಡಿ. 1700ರ ನವೆಂಬರಿನಲ್ಲಿ ಬ್ಯಾಂಫ್ ಎಂಬ ಊರಿನಲ್ಲಿ ಅವನನ್ನು ನೇಣಿಗೆ ಹಾಕಿದರು. ನೇಣಿನ ಕೆಳಗೆ ನಿಂತು ತನ್ನದೇ ರಾಗ ನುಡಿಸಿದ, ಪಿಟೀಲು ಯಾರಿಗಾದರೂ ಕೊಡ್ತೀನಿ ಅಂದ, ಗುಂಪಿನಲ್ಲಿ ಯಾರೂ ಕೈ ಚಾಚಲಿಲ್ಲ, ಆಗ ಮುರಿದು ಬಿಸಾಕಿದ ಅಂತ ಕತೆ. ಮುರಿದದ್ದು ಅಂತ ಹೇಳುವ ಆ ಪಿಟೀಲು ಈಗ ನ್ಯೂಟನ್‌ಮೋರ್‌ನಲ್ಲಿ ಮ್ಯಾಕ್‌ಫರ್ಸನ್ ವಂಶದವರ ಮ್ಯೂಸಿಯಮ್ಮಿನಲ್ಲಿದೆ. ಬದುಕಿದ್ದಾಗ ಈಜಿಪ್ಷಿಯನ್, ಸತ್ತ ಮೇಲೆ ವಂಶದ ಕುಡಿ!

ಈ ರಾಗಕ್ಕೆ ಬರ್ನ್ಸ್ ಹೊಸದಾಗಿ ಹಾಡು ಕಟ್ಟಿದ. ಬರ್ನ್ಸ್ ಬಗ್ಗೆ ನಮ್ಮವರಿಗೆ ಸಹಜವಾಗಿಯೇ ಪ್ರೀತಿ. 1759ರಲ್ಲಿ ಹುಟ್ಟಿದ ಗೇಣಿದಾರನ ಮಗ, ನೇಗಿಲು ಹಿಡಿದವನು, 37ನೇ ವಯಸ್ಸಿಗೇ ಸತ್ತವನು. ಜಾನ್ಸನ್‌ನ 'ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ' ಎಂಬ 600 ಹಾಡುಗಳ ಸಂಪುಟಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅವನು ಬರೆದದ್ದು ಅಥವಾ ತಿದ್ದಿ ಕೊಟ್ಟದ್ದು, ಅದೂ ಕಾಸು ಮುಟ್ಟದೆ. ಆದರೆ ಎಡಿನ್‌ಬರೊದ ದೊಡ್ಡ ಮನುಷ್ಯರು ಅವನನ್ನು ಒಪ್ಪಿಕೊಂಡ ರೀತಿ ಗಮನಿಸಿ. 1786ರಲ್ಲಿ ಹೆನ್ರಿ ಮೆಕೆಂಝಿ ಎಂಬ ವಿಮರ್ಶಕ ಈ ನೇಗಿಲಯೋಗಿಗೆ ವಿದ್ಯೆ ಕಲಿಸಿದ್ದು ಸಾಕ್ಷಾತ್ ಸ್ವರ್ಗವೇ ಅಂದುಬಿಟ್ಟ. ಬರ್ನ್ಸ್ ಓದಿದ್ದ, ಕಷ್ಟಪಟ್ಟು ಓದಿದ್ದ. ಆದರೆ ಬಡವ ಓದಿದ ಅಂತ ಒಪ್ಪುವುದಕ್ಕಿಂತ ದೇವರು ಅವನ ಬಾಯಲ್ಲಿ ಉಸುರಿದ ಅನ್ನುವುದು ಉಳ್ಳವರಿಗೆ ಹಗುರ. ನಮ್ಮಲ್ಲಿ ದಲಿತ ಕವಿ ಬರೆದ ಕೂಡಲೆ 'ಎಂಥ ಸಹಜ ಪ್ರತಿಭೆ' ಅಂತ ಬೆನ್ನು ತಟ್ಟುವ ನವ್ಯ ವಿಮರ್ಶಕರ ಕೈ ಇದೇ ಕೈ.

ಬರ್ನ್ಸ್‌ನನ್ನು ಪೂಜೆ ಮಾಡುವವರು ಮರೆಸುವ ಇನ್ನೊಂದು ಸಂಗತಿಯೂ ಉಂಟು. ಅದೇ 1786ರಲ್ಲಿ ಅವನು ಜಮೈಕಾಕ್ಕೆ ಹೊರಟಿದ್ದ. ಕೆಲಸ, ಕರಿಯ ಗುಲಾಮರು ದುಡಿಯುವ ತೋಟದಲ್ಲಿ ಲೆಕ್ಕ ಬರೆಯುವುದು. ಪುಸ್ತಕ ಗೆದ್ದಿತು, ಹಡಗು ಹತ್ತಲಿಲ್ಲ. ಮನುಷ್ಯರೆಲ್ಲ ಒಂದೇ ಅಂತ ಹಾಡಿದ ಕವಿಗೆ ಹಸಿವು ತೋರಿಸಿದ ದಾರಿ ಇದು. ಅವನನ್ನು ನಾನು ಬಿಟ್ಟುಕೊಡುವುದಿಲ್ಲ, ಆದರೆ ಆರತಿಯನ್ನೂ ಎತ್ತಲಾರೆ.

ಇನ್ನು ವಾಲ್ಟರ್ ಸ್ಕಾಟ್. 1802ರಲ್ಲಿ ಗಡಿನಾಡಿನ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಅವನಿಗೆ ಹಾಡು ಕೊಟ್ಟವರಲ್ಲಿ ಒಬ್ಬಾಕೆ ಕುರುಬ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಲೇಡ್ಲಾ. ಪುಸ್ತಕ ನೋಡಿದ ಆಕೆ ಆ ದೊಡ್ಡ ಸಾಹೇಬನ ಮುಖಕ್ಕೇ ಹೇಳಿದಳಂತೆ: ಇವು ಹಾಡೋಕೆ ಇದ್ದವು, ಓದೋಕಲ್ಲ, ಅಚ್ಚು ಹಾಕಿ ಕೆಡಿಸಿಬಿಟ್ಟೆ, ಇನ್ನು ಯಾರೂ ಹಾಡಲ್ಲ. ಇಡೀ ಲಾವಣಿ ವಿಮರ್ಶೆಯಲ್ಲಿ ನನಗೆ ಬೇಕಾದ ಮೊದಲ ವಿಮರ್ಶಕಿ ಈಕೆ. ಕೊನೆಯ ಮಾತೊಂದು ಮಾತ್ರ ಸುಳ್ಳಾಯಿತು. ಹಾಡುವವರು ಹಾಡುತ್ತಲೇ ಇದ್ದರು. ಅಚ್ಚು ಹಾಕಿದವರು ಅವರಿರುವ ಕಡೆ ಹೋಗಲಿಲ್ಲ, ಅಷ್ಟೇ.

ಹಾರ್ವರ್ಡಿನ ಪ್ರೊಫೆಸರ್ ಚೈಲ್ಡ್ 1882ರಿಂದ 1898ರವರೆಗೆ 305 ಲಾವಣಿಗಳಿಗೆ ನಂಬರು ಕೊಟ್ಟ, ಬಹುಪಾಲು ಹಳೆಯ ಹಸ್ತಪ್ರತಿಗಳನ್ನು ನೆಚ್ಚಿಕೊಂಡು. ಗೇವಿನ್ ಗ್ರೇಗ್ ಅನ್ನುವ ಹಳ್ಳಿ ಶಾಲೆಯ ಮೇಷ್ಟ್ರು, ಡಂಕನ್ ಅನ್ನುವ ಪಾದ್ರಿಯ ಜೊತೆ ಸೇರಿ 1900ರ ದಶಕದಲ್ಲಿ ಈಶಾನ್ಯ ಸ್ಕಾಟ್‌ಲೆಂಡಿನ ಹಳ್ಳಿಗಳಲ್ಲೇ 3,000ಕ್ಕೂ ಮಿಕ್ಕಿ ಹಾಡು ಬರೆದುಕೊಂಡ. (ನಮ್ಮ ಹಳ್ಳಿ ಮೇಷ್ಟ್ರುಗಳು ಗ್ರೇಗ್‌ನ ಹೆಸರನ್ನು ಒಂದು ಚೀಟಿಯಲ್ಲಾದರೂ ಬರೆದಿಟ್ಟುಕೊಳ್ಳಲಿ. ಅವನ ಸಂಗ್ರಹ ಪೂರ್ತಿ ಅಚ್ಚಾಗಿ ಮುಗಿದದ್ದು 2002ರಲ್ಲಿ, ಅವನು ಸತ್ತು 88 ವರ್ಷಕ್ಕೆ.) ಆದರೆ ಆ ಹಾಡುಗಾರರೂ ಹೆಚ್ಚಿನಂಶ ನೆಲೆ ನಿಂತ ರೈತಾಪಿ ಜನ. ಟೆಂಟಿನ ಬಾಗಿಲು ಎತ್ತಿ ನೋಡಿದವರು ಕಡಿಮೆ.

ನೋಡಿದವನು ಹ್ಯಾಮಿಷ್ ಹೆಂಡರ್ಸನ್. ಕವಿ, ಎರಡನೇ ಮಹಾಯುದ್ಧದ ಸೈನಿಕ, ಎಡಪಂಥೀಯ, ಗ್ರಾಮ್ಷಿ ಸೆರೆಮನೆಯಿಂದ ಬರೆದ ಪತ್ರಗಳನ್ನು ಇಂಗ್ಲಿಷಿಗೆ ತಂದವನು. ಜನಪದ ಅಂದರೆ ಸೊಗಸಿನ ಸಾಮಾನಲ್ಲ, ಆಳಿಸಿಕೊಂಡವರು ಲೋಕವನ್ನು ಕಾಣುವ ಬಗೆ ಅಂತ ಅವನಿಗೆ ಗ್ರಾಮ್ಷಿಯಿಂದ ಹೊಳೆದಿತ್ತು. 1951ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್ ಶುರುವಾಯಿತು. ಇವನು ಅದರ ಪರವಾಗಿ ಟೇಪ್ ರೆಕಾರ್ಡರ್ ಹೊತ್ತು ತಿರುಗಿದ.

1953ರಲ್ಲಿ ಅಬರ್ಡೀನ್ ಪಟ್ಟಣದಲ್ಲಿ ಒಂದು ಮನೆ ಬಾಗಿಲು ತಟ್ಟಿದ. ಜೀನಿ ರಾಬರ್ಟ್‌ಸನ್, 1908ರಲ್ಲಿ ಹುಟ್ಟಿದ ಟ್ರಾವೆಲರ್ ಹೆಂಗಸು, ಅವತ್ತು ದಣಿದಿದ್ದಳು, ಒಳಗೆ ಕರೆಯುವ ಮನಸ್ಸಿರಲಿಲ್ಲ. ಹೆಂಡರ್ಸನ್ ಅಲ್ಲೇ ನಿಂತು ಒಂದು ಹಳೆಯ ಯುದ್ಧದ ಲಾವಣಿ ಎತ್ತಿಕೊಂಡನಂತೆ. ಅದು ಹಂಗಲ್ಲ ಅಂತ ತಿದ್ದುವುದಕ್ಕೆ ಜೀನಿ ಬಾಯಿ ತೆರೆದಳು. ಕೇಂಬ್ರಿಜಿನಲ್ಲಿ ಓದಿದವನನ್ನು ಓದುಬರಹವನ್ನೇ ನೆಚ್ಚದ ಪರಂಪರೆಯ ಹೆಂಗಸು ಹೊಸ್ತಿಲಲ್ಲೇ ತಿದ್ದಿದಳು, ಇವನು ತಿದ್ದಿಸಿಕೊಂಡ. ಹೆಂಡರ್ಸನ್‌ನ ದೊಡ್ಡತನ ಇರುವುದು ಇಲ್ಲಿ. 'ಕಂಡುಹಿಡಿದ' ಅಂತ ಬರೆಯುತ್ತಾರಲ್ಲ, ಆ ಮಾತು ನನಗೆ ಸೇರುವುದಿಲ್ಲ. ಆಕೆ ಕಳೆದುಹೋಗಿರಲಿಲ್ಲ.

ಆಕೆಯ ಹಾಡುಗಾರಿಕೆಯ ಮಾತಿಗೆ ಬರೋಣ; ಅದಿಲ್ಲದೆ ಬರೀ ಕಣ್ಣೀರಿನ ಲೆಕ್ಕ ಆಗುತ್ತದೆ. 'ಎಡ್ವರ್ಡ್' ಎಂಬ ಲಾವಣಿ 1765ರಲ್ಲೇ ಪರ್ಸಿ ಎಂಬ ಪಾದ್ರಿಯ ಸಂಕಲನದಲ್ಲಿ ಅಚ್ಚಾಗಿತ್ತು. ಚೈಲ್ಡ್ ಅದಕ್ಕೆ ಕೊಟ್ಟ ನಂಬರು 13. ಕತ್ತಿಯ ಮೇಲೆ ರಕ್ತ ಯಾಕಪ್ಪಾ ಅಂತ ತಾಯಿ ಕೇಳುತ್ತಾಳೆ, ಮಗ ಒಂದೊಂದೇ ಸುಳ್ಳು ಹೇಳುತ್ತಾ ಕೊನೆಗೆ ಕೊಲೆ ಒಪ್ಪಿಕೊಳ್ಳುತ್ತಾನೆ. ಪರ್ಸಿಯ ಪಾಠದ ಕೊನೆಯಲ್ಲಿ ಮಗ ತಾಯಿಗೆ ಶಾಪ ಹಾಕುತ್ತಾನೆ. ಹೊಡೆತ ಜೋರು, ಆದರೆ ಓದುಮನೆಯಲ್ಲಿ ಯಾರೋ ಹರಿತ ಮಾಡಿದ ಜೋರು ಅಂತ ವಿದ್ವಾಂಸರಿಗೇ ಗುಮಾನಿ ಇತ್ತು. ಜೀನಿಯ ಬಾಯಲ್ಲಿ ಅದೇ ಲಾವಣಿ 'ಸನ್ ಡೇವಿಡ್'. ಅಲ್ಲಿ ಶಾಪ ಇಲ್ಲ. ತಮ್ಮನನ್ನು ಕೊಂದವನು ತಳವಿಲ್ಲದ ದೋಣಿಯಲ್ಲಿ ಹೋಗ್ತೀನಿ ಅನ್ನುತ್ತಾನೆ, ತಾಯಿ ಯಾವಾಗ ಬರ್ತೀಯ ಅಂತ ಕೇಳುತ್ತಾಳೆ, ಅಷ್ಟೇ. ಅಚ್ಚಿನ ಪದ್ಯದಲ್ಲಿ ನಾಟಕ ಇದೆ, ಇವಳ ಹಾಡಿನಲ್ಲಿ ದುಃಖ ಇದೆ. ಇದು ನಿಜವಾಗಿ ನಡೆದದ್ದು ಅಂತ ಆಕೆ ನಂಬಿದ್ದಳು. ನಂಬಿದವಳ ಧ್ವನಿ ನಟಿಸುವುದಿಲ್ಲ. ಹಾಡಿನಲ್ಲಿ ಹಾಡುವವರ ಕರುಳೇ ಕದಲುವ ಈ ಗುಣಕ್ಕೆ ಟ್ರಾವೆಲರ್‌ಗಳ ಮಾತಿನಲ್ಲಿ 'ಕೊನ್ಯಾಕ್' ಅಂತ ಒಂದು ಪದವೇ ಇದೆ. ಕಾವ್ಯಮೀಮಾಂಸೆ ಬರೆಯದ ಜನ ಅಂತ ಯಾರು ಹೇಳಿದ್ದು?

ಒಂದು ತಕರಾರೂ ಇದೆ. ಸಭೆ, ರೆಕಾರ್ಡು, ರೇಡಿಯೋ ಬಂದ ಮೇಲೆ ಆಕೆಯ ಹಾಡು ವರ್ಷದಿಂದ ವರ್ಷಕ್ಕೆ ನಿಧಾನವಾಯಿತು, ಗಂಭೀರವಾಯಿತು. ಒಲೆ ಮುಂದಿನ ಹಾಡು ಗುಡಿಯ ಹಾಡಾಯಿತು. ಜೀನಿಯನ್ನು 'ಮಹಾನ್ ಪರಂಪರೆ' ಅಂತ ಕೂರಿಸಿದವರಿಗೆ ಅದೇ ಬೇಕಿತ್ತು ಅಂತ ನನ್ನ ಅನುಮಾನ. ಮಗಳು ಲಿಝಿ ಹಿಗಿನ್ಸ್ ಮೀನು ಹೆರೆಯುವ ಕೆಲಸದವಳು, ಅಪ್ಪ ಡೊನಾಲ್ಡ್ ಪೈಪು ಊದುವವನು. ಪೈಪಿನ ಗಮಕಗಳನ್ನು ಗಂಟಲಿಗೆ ಇಳಿಸಿಕೊಂಡ ಲಿಝಿ ತಾಯಿಯ ನೆರಳಿನಲ್ಲಿ ಬಹಳ ಕಾಲ ವೇದಿಕೆಗೇ ಬರಲಿಲ್ಲ. ಬಂದಾಗ ತಾಯಿಯ ಹಾಗೆ ಹಾಡಲಿಲ್ಲ. ನನಗೆ ಲಿಝಿಯೇ ಹೆಚ್ಚು ಇಷ್ಟ.

ಬ್ಲೇರ್‌ಗೌರಿಯ ಹಣ್ಣಿನ ತೋಟಗಳಿಗೆ ಬೇಸಿಗೆಯಲ್ಲಿ ಎಲ್ಲ ದಿಕ್ಕಿನಿಂದ ಟ್ರಾವೆಲರ್‌ಗಳು ಕೂಲಿಗೆ ಬಂದು ಸೇರುತ್ತಿದ್ದರು. ಸಂಜೆ ಬೆಂಕಿ ಸುತ್ತ ಹಾಡು. ಅಲ್ಲಿ ಸಂಗ್ರಹ ಮಾಡುವುದು ನಯಾಗರ ಜಲಪಾತದ ಕೆಳಗೆ ತಗಡಿನ ಡಬ್ಬಿ ಹಿಡಿದ ಹಾಗೆ ಅಂದ ಹೆಂಡರ್ಸನ್. ಒಳ್ಳೆ ಉಪಮೆ. ಆ ಡಬ್ಬಿ ಮಾಡಿದವರೂ ಅವರೇ ಅಂತ ಸೇರಿಸಬಹುದಿತ್ತು. ಅಲ್ಲಿನ ಬೆಲ್ ಸ್ಟೂವರ್ಟ್ ಬರೀ ಹಳೆಯದನ್ನು ಹಾಡಿದವಳಲ್ಲ, ಹಣ್ಣು ಕೀಳುವ ಕೂಲಿಗಳ ಮೇಲೆ ತಾನೇ ಹಾಡು ಕಟ್ಟಿದಳು. ಆ ಹಾಡಿಗೆ ಅನಾಮಿಕ ಅಂತ ಚೀಟಿ ಅಂಟಿಸಲು ಆಗಲಿಲ್ಲ, ಯಾಕಂದರೆ ಈ ಸಲ ಯಾರೋ ಹೆಸರು ಕೇಳಿದ್ದರು. ಜನಪದಕ್ಕೆ ಕರ್ತೃ ಇಲ್ಲ ಅನ್ನುವ ಪಂಡಿತರು ಎಷ್ಟು ಸಲ ಕೇಳಿ, ಎಷ್ಟು ಸಲ ಇಲ್ಲ ಅನ್ನಿಸಿಕೊಂಡಿದ್ದಾರೆ?

1968ರಲ್ಲಿ ರಾಣಿ ಜೀನಿಗೆ ಎಂ.ಬಿ.ಇ. ಪದಕ ಕೊಟ್ಟಳು. ಅದೇ ವರ್ಷಗಳಲ್ಲಿ, 1940ರ ದಶಕದಿಂದ 1980ರ ದಶಕದ ತನಕ, ಸರ್ಕಾರದ ಮಂದಿ ಟ್ರಾವೆಲರ್ ಕುಟುಂಬಗಳನ್ನು 'ಸುಧಾರಿಸಲು' ಹರಕು ಗುಡಿಸಲುಗಳಲ್ಲಿ ಕೂಡಿಹಾಕುವ ಪ್ರಯೋಗ ನಡೆಸುತ್ತಿದ್ದರು. ಮಕ್ಕಳನ್ನು ಕಿತ್ತುಕೊಂಡದ್ದೂ ಉಂಟು. ಒಂದು ಕೈಯಲ್ಲಿ ಪದಕ, ಇನ್ನೊಂದು ಕೈಯಲ್ಲಿ ಬೀಗ. ಬೆಲ್‌ಳ ಮಗಳು ಶೀಲಾ ಸ್ಟೂವರ್ಟ್ 1982ರಲ್ಲಿ ಗ್ಲಾಸ್ಗೋದ ಬೆಲಹೂಸ್ಟನ್ ಪಾರ್ಕಿನಲ್ಲಿ ಪೋಪ್ ಮುಂದೆ, ಲಕ್ಷಾಂತರ ಜನರ ಮುಂದೆ, ಬೀದಿ ಬದಿಯಲ್ಲಿ ಹೆರಿಗೆಯಾದ ಹೆಂಗಸನ್ನು ಪೊಲೀಸರು ಎಬ್ಬಿಸಿ ಓಡಿಸುವ ಹಾಡನ್ನೇ ಆರಿಸಿ ಹಾಡಿದಳು. ಅದು ಇವನ್ ಮ್ಯಾಕಾಲ್ ಬರೆದ ಹಾಡು. 2006ರಲ್ಲಿ ತಾಯಿಯ ಜೀವನಚರಿತ್ರೆಯನ್ನೂ ಶೀಲಾ ತಾನೇ ಬರೆದಳು. ಜೀನಿಯ ಸಂಬಂಧಿ ಸ್ಟ್ಯಾನ್ಲಿ ರಾಬರ್ಟ್‌ಸನ್ ಆಯುಷ್ಯವೆಲ್ಲ ಮೀನಿನ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ತನ್ನ ಜನರ ಹಾಡು-ಕತೆಗಳ ಕೆಲಸಕ್ಕೇ ಸೇರಿದ.

ಆ 'ಪ್ರಯೋಗ'ಕ್ಕೆ ಸ್ಕಾಟ್‌ಲೆಂಡಿನ ಸರ್ಕಾರ ಕ್ಷಮೆ ಕೇಳಿದ್ದು 2025ರ ಜೂನಿನಲ್ಲಿ. ಜೀನಿ 1975ರಲ್ಲೇ ತೀರಿಕೊಂಡಿದ್ದಳು.