ಹದಿನೈದು ಸಮತಲಗಳ ಸಾಕ್ಷ್ಯ

1960ರ ದಶಕದಲ್ಲಿ ಐಬಿಎಂ ಕಂಪ್ಯೂಟರ್‌ಗಳಲ್ಲಿ ಬಳಕೆಯಲ್ಲಿದ್ದ ರಾಂಡು ಸೂತ್ರ ಬಲು ಸರಳ: ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸಿ, 2ರ 31ನೇ ಘಾತದಿಂದ ಭಾಗಿಸಿ, ಉಳಿದ ಶೇಷವನ್ನೇ ಮುಂದಿನ ಯಾದೃಚ್ಛಿಕ ಸಂಖ್ಯೆಯಾಗಿ ತೆಗೆದುಕೊಳ್ಳುವುದು. ಬಿಡಿಬಿಡಿಯಾಗಿ ನೋಡಿದರೆ ಇವು ಚೆನ್ನಾಗಿಯೇ ಹರಡಿಕೊಂಡಂತೆ ಕಾಣುತ್ತವೆ. ಆದರೆ ಒಂದರ ಹಿಂದೊಂದು ಬರುವ ಮೂರು ಸಂಖ್ಯೆಗಳನ್ನು ಘನದೊಳಗಿನ ಒಂದು ಬಿಂದುವಾಗಿ ಗುರುತಿಸುತ್ತ ಹೋದರೆ, ಬಿಂದುಗಳೆಲ್ಲ ಕೇವಲ 15 ಸಮತಲಗಳ ಮೇಲೆ ಬಂದು ಕೂರುತ್ತವೆ. 65539 ಎಂದರೆ 2ರ 16ನೇ ಘಾತಕ್ಕೆ 3 ಕೂಡಿಸಿದ್ದು; ಅದರಿಂದಾಗಿ, ಶೇಷದ ಲೆಕ್ಕದಲ್ಲಿ, ಹಿಂದಿನ ಸಂಖ್ಯೆಯ ಆರು ಪಟ್ಟಿನಿಂದ ಅದಕ್ಕೂ ಹಿಂದಿನದರ ಒಂಬತ್ತು ಪಟ್ಟನ್ನು ಕಳೆದರೆ ಮುಂದಿನದು ಸಿಕ್ಕಿಬಿಡುತ್ತದೆ. ಇಂಥ ಗುಣಾಕಾರದ ಸೂತ್ರಗಳಿಗೆಲ್ಲ ಸಮತಲಗಳ ಕಟ್ಟು ತಪ್ಪದೆಂದು ಗಣಿತಜ್ಞ ಜಾರ್ಜ್ ಮಾರ್ಸಾಲಿಯಾ 1968ರಲ್ಲಿ ತೋರಿಸಿದರು.

ಸೂತ್ರದಿಂದ ಹುಟ್ಟಿದ್ದು ಯಾದೃಚ್ಛಿಕವೇ ಅಲ್ಲ, ಅದನ್ನು ಪರೀಕ್ಷಿಸುವುದೇಕೆ ಎಂಬ ಆಕ್ಷೇಪವಿದೆ. ಯಾವ ಪರೀಕ್ಷೆಯೂ ಯಾದೃಚ್ಛಿಕತೆಯನ್ನು ಸಾಬೀತು ಮಾಡಲಾರದು, ನಿಜ. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲಬಹುದು. ಆದರೆ ನ್ಯೂಟ್ರಾನ್‌ಗಳ ಚಲನೆಯನ್ನು ಅನುಕರಿಸುವ ಲೆಕ್ಕಕ್ಕೆ ಸಂಖ್ಯೆಗಳ ಹುಟ್ಟು ಮುಖ್ಯವಲ್ಲ; ಉತ್ತರವನ್ನು ತಪ್ಪುದಾರಿಗೆ ಎಳೆಯುವ ನಂಟು ಅವುಗಳ ನಡುವೆ ಇರಬಾರದು, ಅಷ್ಟೆ. ಆ ನಂಟನ್ನು ಬಗೆಬಗೆಯಾಗಿ ಹುಡುಕುವ ಈ ಕಸುಬಿನ ಪ್ರಾಮಾಣಿಕತೆ ನನಗೆ ಬಹಳ ಪ್ರಿಯ. ಅದು ಅತಿಯಾದ ಅಚ್ಚುಕಟ್ಟನ್ನೂ ಅನುಮಾನಿಸುತ್ತದೆ: ಹತ್ತು ಸಾವಿರ ಅಂಕೆಗಳಲ್ಲಿ ಪ್ರತಿ ಅಂಕೆಯೂ ಸರಿಯಾಗಿ ಸಾವಿರ ಸಲ ಬಂದಿದ್ದರೆ, ನಿರೀಕ್ಷಿತ ಎಣಿಕೆಗೂ ಕಂಡ ಎಣಿಕೆಗೂ ಇರುವ ಅಂತರವನ್ನು ಅಳೆಯುವ ಕೈ-ವರ್ಗ (chi-square) ಪರೀಕ್ಷೆಯನ್ನು ಬಲ್ಲವರು ಆ ಸರಣಿಯನ್ನು ನಂಬುವುದಿಲ್ಲ.