ಹವಾ ಹೋಗುವ ದಾರಿ

ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಪೆಟ್ರೋಲ್ ಬಂಕಿನ ದಾರಿ ಮರೆತುಹೋಗುತ್ತದೆ. ಅದರ ಜೊತೆಗೇ ಹವಾ ನೋಡಿಸುವ ಅಭ್ಯಾಸವೂ ಹೋಗುತ್ತದೆ. ಮೊದಲನೆಯದನ್ನು ಎಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ. ರಾತ್ರಿ ಮನೆಯಲ್ಲೇ ಚಾರ್ಜಿಗೆ ಹಾಕಿ ಬೆಳಿಗ್ಗೆ ಹೊರಡುವವರು ಬಂಕಿನ ಮೂಲೆಯ ಹವಾ ಪೈಪಿನ ಮುಂದೆ ನಿಲ್ಲುವುದಾದರೂ ಯಾವಾಗ? ಗೋವಾದಲ್ಲಿ ಇಂಥ ಕಾರುಗಳ ಹಸಿರು ನಂಬರ್ ಪ್ಲೇಟುಗಳು ಹೆಚ್ಚುತ್ತಿವೆ. 2024ರ ಜನವರಿಯಿಂದ ಸೇರುವ ಹೊಸ ಪ್ರವಾಸಿ ವಾಹನಗಳೆಲ್ಲ ಎಲೆಕ್ಟ್ರಿಕ್ ಆಗಿರಬೇಕೆಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ 2023ರಲ್ಲಿ ಘೋಷಿಸಿದ್ದರು. ಇಂಥ ಕಾರುಗಳಲ್ಲಿ ಟೈರಿನ ಸ್ಥಿತಿ ನಮಗೆ ಗೊತ್ತಾಗುವುದು ಡ್ಯಾಶ್‌ಬೋರ್ಡಿನ ಒಂದೇ ಒಂದು ಹಳದಿ ದೀಪದಿಂದ.

ಆ ದೀಪ ಹೊತ್ತುವುದು ತಡವಾಗಿ. ಫೈರ್‌ಸ್ಟೋನ್ ಟೈರುಗಳ ಅಪಘಾತಗಳಾದ ಮೇಲೆ ಅಮೆರಿಕ 2000ದಲ್ಲಿ ಮಾಡಿದ ಕಾಯ್ದೆಯಿಂದ ಈ ದೀಪ ಅಲ್ಲಿ ಕಡ್ಡಾಯವಾಯಿತು. ಅಲ್ಲಿನ ನಿಯಮದಂತೆ, ಇರಬೇಕಾದ್ದಕ್ಕಿಂತ ಶೇ 25ರಷ್ಟು ಹವಾ ಕಡಿಮೆಯಾದಾಗ ಎಚ್ಚರಿಸಿದರೆ ಸಾಕು. ಅಂದರೆ 36 ಪಿಎಸ್‌ಐ ಇರಬೇಕಾದ ಟೈರು 27ಕ್ಕೆ ಇಳಿಯುವವರೆಗೆ ದೀಪ ಸುಮ್ಮನಿದ್ದರೂ ತಪ್ಪಿಲ್ಲ. ಬ್ಯಾಟರಿಯ ಭಾರ ಹೊತ್ತ ಕಾರು ಅಷ್ಟು ದಿನ ಮೆತ್ತಗಿನ ಟೈರಿನ ಮೇಲೆ ಓಡಿರುತ್ತದೆ. ಅಂಚು ಸವೆದಿರುತ್ತದೆ, ರೇಂಜ್ ಕುಗ್ಗಿರುತ್ತದೆ, ಮಾಲೀಕರು ಮಾತ್ರ ಬ್ಯಾಟರಿಯನ್ನು ಬೈಯುತ್ತಿರುತ್ತಾರೆ.

ದೀಪ ಹೊತ್ತಿದ ಕೂಡಲೇ ಹವಾ ಹೊಡೆಸಿ ಮರೆತುಬಿಡುವುದು ಎಲ್ಲರೂ ಮಾಡುವ ಕೆಲಸ. ಹೋದ ಹವಾ ಎಲ್ಲಿಂದ ಹೋಯಿತು ಎಂದು ಹುಡುಕುವುದರಲ್ಲೇ ನಿಜವಾದ ರುಚಿ ಇರುವುದು. ಕಾರು ಕೆಲವು ಗಂಟೆ ನಿಂತು ಟೈರು ತಣ್ಣಗಾದ ಮೇಲೆ ಸ್ವಂತ ಗೇಜಿನಿಂದ ನಾಲ್ಕನ್ನೂ ಅಳೆಯಿರಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲ ಬಳಿಯ ಸ್ಟಿಕರಿನಲ್ಲಿರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನಂಬಬಾರದು. ಎಲ್ಲ ಕಾರಿಗೂ ಕಣ್ಣುಮುಚ್ಚಿ ಮೂವತ್ತು ಹೊಡೆಯುವ ಅಂಗಡಿಯವನನ್ನಂತೂ ನಂಬಲೇಬಾರದು.

ನಾಲ್ಕೂ ಸಮಸಮವಾಗಿ ಇಳಿದಿದ್ದರೆ ಹೆಚ್ಚಾಗಿ ಹವಾಮಾನದ ಕೈವಾಡ, ಇಲ್ಲವೇ ಬಹುಕಾಲದ ಉದಾಸೀನ. ಪಣಜಿಯ 32 ಡಿಗ್ರಿ ಮಧ್ಯಾಹ್ನದಲ್ಲಿ 36 ತುಂಬಿಸಿಕೊಂಡು ಚೋರ್ಲಾ ಘಾಟಿ ಹತ್ತಿ, ಡಿಸೆಂಬರಿನ ಬೆಳಗಾವಿಯಲ್ಲಿ 14 ಡಿಗ್ರಿಯ ಬೆಳಗನ್ನು ಕಂಡರೆ ಟೈರಿನೊಳಗೆ ಸುಮಾರು 3 ಪಿಎಸ್‌ಐ ಇಳಿದಿರುತ್ತದೆ. ಇಲ್ಲೊಂದು ಸೋಜಿಗವೂ ಇದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಕೈಗೇಜು ಒಂದು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ಹಲವು ಕಾರುಗಳ ಟೈರಿನೊಳಗಿನ ಸೆನ್ಸರುಗಳಾದರೋ ಹೊರಗಿನ ಒತ್ತಡವನ್ನು ಲೆಕ್ಕಿಸದೆ ಒಳಗಿನದನ್ನಷ್ಟೇ ಅಳೆಯುತ್ತವೆ. ಗೇಜಿಗೂ ಕಾರಿನ ಪರದೆ ತೋರಿಸುವ ಅಂಕಿಗೂ ಅಷ್ಟು ಭಿನ್ನಾಭಿಪ್ರಾಯ ಇದ್ದರೆ ಜಗಳ ಬಿಡಿಸಲು ಹೋಗಬೇಡಿ.

ಒಂದೇ ಟೈರು ಇಳಿದಿದ್ದರೆ ಹುಡುಕಾಟ ಶುರು. ಸಾಬೂನು ನೀರು ಚಿಮುಕಿಸಿ ಮೊದಲು ಟೈರಿನ ಮೈ ನೋಡಿ, ಮೊಳೆಯೋ ಸ್ಕ್ರೂವೋ ಇದ್ದರೆ ಅಲ್ಲಿಗೆ ಮುಗಿಯಿತು. ಏನೂ ಸಿಗದಿದ್ದರೆ ಗೋವಾದಲ್ಲಿ ಅನುಮಾನ ಹೋಗಬೇಕಾದ್ದು ಉಪ್ಪಿನ ಮೇಲೆ. ಕಡಲಂಚಿನ ಗಾಳಿ, ಬೀಚಿನ ಮರಳು, ನಾಲ್ಕು ತಿಂಗಳ ಮಳೆ ಸೇರಿ ಅಲಾಯ್ ರಿಮ್ಮಿನ ಅಂಚನ್ನು ತಿನ್ನುತ್ತವೆ. ಟೈರು ಕೂರುವ ಜಾಗದಲ್ಲಿ ಬಿಳಿ ಪುಡಿ ಕಟ್ಟಿ, ಅಲ್ಲಿಂದ ಹವಾ ವಾರಕ್ಕಿಷ್ಟು ಎಂದು ಸೋರುತ್ತದೆ. ಅಂಚನ್ನು ಉಜ್ಜಿ ಸ್ವಚ್ಛ ಮಾಡಿ ಟೈರು ಮತ್ತೆ ಕೂರಿಸಬೇಕು, ಎಷ್ಟು ಸಲ ಹವಾ ತುಂಬಿಸಿದರೂ ಇದು ನಿಲ್ಲುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದು ವಾಲ್ವು. ಸೆನ್ಸರಿಗೆ ಅಂಟಿಕೊಂಡ ವಾಲ್ವು ಹಲವು ಕಾರುಗಳಲ್ಲಿ ಅಲ್ಯೂಮಿನಿಯಂನದು. ಅದರೊಳಗೆ ನಿಕಲ್ ಲೇಪನದ ಪಿನ್ನೇ ಇರಬೇಕು. ಮಾಮೂಲಿ ಹಿತ್ತಾಳೆ ಪಿನ್ನು ಹಾಕಿದರೆ, ಅಥವಾ ಅಂದಕ್ಕೆಂದು ಹಿತ್ತಾಳೆಯ ಮುಚ್ಚಳ ತಿರುಗಿಸಿದರೆ, ಉಪ್ಪುನೀರು ಸೋಕಿದ ಎರಡು ಲೋಹಗಳು ಸೇರಿ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ, ಜೊತೆಗೆ ಸೆನ್ಸರೂ ಹೋಗುತ್ತದೆ. ಪ್ಲಾಸ್ಟಿಕ್ ಮುಚ್ಚಳದಷ್ಟು ಒಳ್ಳೆಯದು ಇನ್ನೊಂದಿಲ್ಲ.

ವಾಸ್ಕೋ, ಜುವಾರಿನಗರದ ಕಡೆ ಉತ್ತರ ಕರ್ನಾಟಕದ ಮಾತು ಹೇರಳವಾಗಿ ಕೇಳುತ್ತದೆ. ಅಲ್ಲಿನ ಪಂಚರ್ ಅಂಗಡಿಯಲ್ಲಿ ಒಬ್ಬ ಹುಡುಗ ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಒರೆಸಿ, ಗುಳ್ಳೆ ಏಳುವುದನ್ನು ತೋರಿಸಿ, “ಪಿನ್ ಹೋಗೈತ್ರೀ ಸರ, ಟೈರಿಗೆ ಏನೂ ಆಗಿಲ್ರೀ” ಎಂದ. ಸರ್ವಿಸ್ ಸೆಂಟರಿನ ಕಂಪ್ಯೂಟರಿಗಿಂತ ಬೇಗ ಸಿಕ್ಕ ಉತ್ತರ ಅದು. ಆದರೆ ಟೈರು ಬಿಚ್ಚುವ ಮೊದಲು ಒಳಗೆ ಸೆನ್ಸರ್ ಇದೆ ಎಂದು ನೀವೇ ಹೇಳಬೇಕು, ಇಲ್ಲದಿದ್ದರೆ ಯಂತ್ರದ ಕೊಕ್ಕು ಅದರ ಮೇಲೇ ಬೀಳುತ್ತದೆ. ಜಾಕ್ ಇಡುವುದೂ ಕಂಪನಿ ಗುರುತು ಮಾಡಿದ ಜಾಗದಲ್ಲೇ, ಕಾರಿನ ಹೊಟ್ಟೆಯಡಿ ಇರುವುದು ಬ್ಯಾಟರಿ.

ಸರಿಯಾದ ಮೇಲೂ ದೀಪ ತಕ್ಷಣ ಆರದಿದ್ದರೆ ಗಾಬರಿ ಬೇಡ. ನಿಂತ ಕಾರಿನ ಸೆನ್ಸರುಗಳು ನಿದ್ದೆಯಲ್ಲಿರುತ್ತವೆ, ಚಕ್ರ ತಿರುಗಿದಾಗಲೇ ಎಚ್ಚರಗೊಳ್ಳುವುದು. ಸೆನ್ಸರೇ ಇಲ್ಲದೆ ಚಕ್ರದ ವೇಗದಿಂದ ಅಂದಾಜು ಮಾಡುವ ಕಾರುಗಳಲ್ಲಿ ಮೆನುವಿಗೆ ಹೋಗಿ ರೀಸೆಟ್ ಮಾಡಬೇಕು. ಪಣಜಿಯಿಂದ ಹೊರಟವರಿಗೆ ಓಲ್ಡ್ ಗೋವಾ ತಲುಪುವಷ್ಟರಲ್ಲಿ ದೀಪ ಆರಿರಬೇಕು. ಕಾರು ಶುರುಮಾಡಿದಾಗಲೆಲ್ಲ ಅದು ನಿಮಿಷದಷ್ಟು ಹೊತ್ತು ಮಿಟುಕಿ ಆಮೇಲೆ ನಿಂತು ಉರಿಯುತ್ತಿದ್ದರೆ ಹವಾದ ದೂರಲ್ಲ, ಸೆನ್ಸರಿನ ದೂರು. ಐದರಿಂದ ಹತ್ತು ವರ್ಷ ಬಾಳುವ ಅದರ ಪುಟ್ಟ ಬ್ಯಾಟರಿಯನ್ನು ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಹೊಸದಾಗಿ ಹಾಕಿಸಬೇಕು.