439 ಮತಗಳ ಬಂಡವಾಳ

ಇಂಗ್ಲಿಷಿನಲ್ಲಿ ಬರೆದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿಗೂ ಆಸ್ಟ್ರೇಲಿಯಾದ ಈ ಸಂಸತ್ ಕ್ಷೇತ್ರಕ್ಕೂ ಒಂದೇ ಹೆಸರು. ಇಲ್ಲಿನವರು ಮಾತ್ರ ಅದನ್ನು ‘ಇಂಡೈ’ ಎನ್ನುತ್ತಾರೆ. ವಿಕ್ಟೋರಿಯಾ ರಾಜ್ಯದ ಈಶಾನ್ಯದಲ್ಲಿ ವೊಡೊಂಗಾ, ವ್ಯಾಂಗರಾಟಾ ಊರುಗಳನ್ನೊಳಗೊಂಡ ಈ ಕ್ಷೇತ್ರ 1931ರಿಂದ ಲೇಬರ್ ಪಕ್ಷಕ್ಕೆ ದಕ್ಕಿಲ್ಲ. ಹೀಗಾಗಿ ಅದು ಒಂದು ಪಕ್ಷಕ್ಕೆ ಖಾತ್ರಿಯ ಸೀಟು, ಇನ್ನೊಂದಕ್ಕೆ ಬೇಡದ ಸೀಟು. ಎರಡೂ ಕಡೆಯವರು ಮತದಾರನನ್ನು ಮರೆಯಲು ಅಷ್ಟು ಸಾಕು.

2013ರಲ್ಲಿ ಲಿಬರಲ್ ಮೈತ್ರಿಕೂಟ ದೇಶವನ್ನೇ ಗೆದ್ದಿತು. ಅದೇ ಚುನಾವಣೆಯಲ್ಲಿ ಇಂಡೈನ ಹಾಲಿ ಲಿಬರಲ್ ಸದಸ್ಯೆ ಸೋಫಿ ಮಿರಾಬೆಲ್ಲಾ 439 ಮತಗಳಿಂದ ಸೋತರು. ಗೆದ್ದವರು ಪಕ್ಷೇತರ ಅಭ್ಯರ್ಥಿ ಕ್ಯಾಥಿ ಮೆಕ್‌ಗೋವನ್. ಮೊದಲ ಆಯ್ಕೆಯ ಮತಗಳಲ್ಲಿ ಮಿರಾಬೆಲ್ಲಾಗೆ ಶೇ. 45ರ ಹತ್ತಿರ, ಮೆಕ್‌ಗೋವನ್‌ಗೆ ಸುಮಾರು ಶೇ. 31. ನಮ್ಮ ಪದ್ಧತಿಯಲ್ಲಾದರೆ ಎಣಿಕೆ ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲಿ ಮತದಾರ ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮಸಂಖ್ಯೆ ಕೊಡಬೇಕು. ಕೊನೆಯಲ್ಲಿದ್ದವರು ಒಬ್ಬೊಬ್ಬರಾಗಿ ಹೊರಬಿದ್ದಂತೆ ಅವರ ಮತಗಳು ಮುಂದಿನ ಆಯ್ಕೆಗೆ ವರ್ಗವಾಗುತ್ತವೆ. ‘ಯಾರು ಬೇಕು’ ಎಂಬುದರ ಜೊತೆಗೆ ‘ಯಾರು ಬೇಡವೇ ಬೇಡ’ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇದನ್ನು ಪವಾಡವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೆಕ್‌ಗೋವನ್ ರಾಜಕೀಯಕ್ಕೆ ಹೊಸಬರಲ್ಲ. ಹಿಂದೆ ಇದೇ ಕ್ಷೇತ್ರದ ಲಿಬರಲ್ ಸಂಸದರೊಬ್ಬರ ಕಚೇರಿಯಲ್ಲಿ ದುಡಿದವರು, ರೈತ ಮಹಿಳೆಯರ ರಾಷ್ಟ್ರೀಯ ಸಂಘಟನೆಯನ್ನು ಮುನ್ನಡೆಸಿದವರು. ‘ವಾಯ್ಸಸ್ ಫಾರ್ ಇಂಡೈ’ ಗುಂಪು 2012ರಿಂದಲೇ ಜನರನ್ನು ಅಡುಗೆಮನೆಯ ಮೇಜಿನ ಸುತ್ತ ಕೂರಿಸಿ, ನಿಮಗೇನು ಬೇಕು ಎಂದು ಕೇಳಿ ಬರೆದಿಟ್ಟುಕೊಂಡಿತ್ತು. ಅಭ್ಯರ್ಥಿಗಿಂತ ಮೊದಲು ಅಹವಾಲು ಸಿದ್ಧವಾಗಿತ್ತು.

ಅಂತರ ಕಿರಿದಾದ ಕೂಡಲೇ ಕ್ಷೇತ್ರಕ್ಕೆ ಬೆಲೆ ಬಂತು, ಅಪಾಯವೂ ಬಂತು. 2016ರ ಪ್ರಚಾರದಲ್ಲಿ ಮಿರಾಬೆಲ್ಲಾ, ತಾವು 2013ರಲ್ಲಿ ಗೆದ್ದಿದ್ದರೆ ವ್ಯಾಂಗರಾಟಾ ಆಸ್ಪತ್ರೆಗೆ ಒಂದು ಕೋಟಿ ಡಾಲರ್ ಸಿಗುತ್ತಿತ್ತು ಎಂದುಬಿಟ್ಟರು. ರೋಗಿಯ ಮಂಚಕ್ಕೂ ಮತದ ಪಾವತಿಯೇ? ಜನ ಮೆಕ್‌ಗೋವನ್‌ಗೆ ಈ ಬಾರಿ ಸುಮಾರು ಶೇ. 55 ಕೊಟ್ಟರು. ಈ ಚಾಳಿ ಒಬ್ಬರದಲ್ಲ. ಹತ್ತು ಕೋಟಿ ಡಾಲರಿನ ಕ್ರೀಡಾ ಅನುದಾನ ಅಲ್ಪ ಅಂತರದ ಕ್ಷೇತ್ರಗಳತ್ತ ವಾಲಿತ್ತೆಂದು ಆಸ್ಟ್ರೇಲಿಯಾದ ಮಹಾಲೆಕ್ಕಪರಿಶೋಧಕರು 2020ರಲ್ಲಿ ವರದಿ ಕೊಟ್ಟರು. ಸಚಿವೆಯೊಬ್ಬರು ಹುದ್ದೆ ಬಿಡಬೇಕಾಯಿತು. ಲೆಕ್ಕ ನೋಡಿಯೇ ಅನ್ನ ತಿನ್ನುವ ನನಗೆ ಆ ವರದಿ ಹೇಳುವುದಿಷ್ಟು: ಅಂತರವನ್ನು ಅನುದಾನಕ್ಕೆ ಮಾರಿಕೊಂಡ ಕ್ಷೇತ್ರಕ್ಕೆ ಮೈದಾನ ಸಿಗಬಹುದು, ಗೌರವ ಸಿಗುವುದಿಲ್ಲ.

ಮೆಕ್‌ಗೋವನ್ ಖಾತೆಯಲ್ಲಿ ಕೊರತೆಗಳೂ ಇವೆ. 2018ರ ನವೆಂಬರಿನಲ್ಲಿ ಅವರು ಮಂಡಿಸಿದ ರಾಷ್ಟ್ರೀಯ ಭ್ರಷ್ಟಾಚಾರ ವಿರೋಧಿ ಆಯೋಗದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಸರಕಾರ ಬಹುಮತ ಕಳೆದುಕೊಂಡಿದ್ದ ಆ ಕೆಲವು ತಿಂಗಳು ಬಿಟ್ಟರೆ ಅವರ ಒಂದು ಮತಕ್ಕೆ ಸದನದಲ್ಲಿ ತೂಕ ಕಡಿಮೆಯೇ. ಪಕ್ಷೇತರರಿಂದ ಎಲ್ಲ ಆಗುತ್ತದೆ ಎಂಬ ಭ್ರಮೆ ಬೇಡ. ಆದರೆ ಅಂಥ ಆಯೋಗ 2023ರ ಜುಲೈ 1ರಂದು ಕೆಲಸ ಆರಂಭಿಸಿತು.

ನಾನು ಹೆಚ್ಚು ಮೆಚ್ಚುವುದು ಅವರ ನಿರ್ಗಮನವನ್ನು. 2019ರಲ್ಲಿ ಸ್ಪರ್ಧಿಸದೆ ಹಿಂದೆ ಸರಿದರು. ಜನರ ಗುಂಪೇ ಆರಿಸಿದ ಹೆಲೆನ್ ಹೇನ್ಸ್ ಗೆದ್ದರು. ಮಗನೋ ಸೊಸೆಯೋ ಅಲ್ಲ, ಒಂದು ಪದ್ಧತಿ ಉತ್ತರಾಧಿಕಾರಿಯಾಯಿತು.

ನಮ್ಮಲ್ಲೂ ಕೂದಲೆಳೆಯ ಗೆಲುವುಗಳಿವೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದು ಮತ, 2023ರಲ್ಲಿ ಜಯನಗರದಲ್ಲಿ 16. ಆ ಅಂಕಿಗಳನ್ನು ಅಭ್ಯರ್ಥಿಯ ಅದೃಷ್ಟವೆಂದು ನೆನಪಿಡುತ್ತೇವೆ. ಇಂಡೈನ ಜನ 439 ಅನ್ನು ತಮ್ಮ ಖಾತೆಗೆ ಜಮಾ ಮಾಡಿಕೊಂಡರು.